ಬಿಲ್ಡ್ ಟೂಲಿನ ಆವೃತ್ತಿ ಪ್ರಾಜೆಕ್ಟಿನ ಜೊತೆಗೇ ಇರಲಿ

ಮಾನ್ಯ ಸಂಪಾದಕರಿಗೆ,

ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟುಗಳು ಅಂಕಕ್ಕೆ ಮಾತ್ರ ಬರುತ್ತವೆ, ಊರಿಗೆ ಬರುವುದಿಲ್ಲ ಎಂಬ ದೂರು ನಮ್ಮ ಭಾಗದಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ದೊಡ್ಡ ಕಾರಣಗಳು ಅನೇಕ ಇರಬಹುದು. ಅವುಗಳನ್ನು ಬಲ್ಲವರು ಬರೆಯಲಿ. ನಾನು ಬರೆಯಹೊರಟಿರುವುದು ಒಂದು ಸಣ್ಣ ಕಾರಣದ ಬಗ್ಗೆ: ಬರೆದ ಕೋಡನ್ನು ಆ್ಯಪ್ ಆಗಿ ಕಟ್ಟಿಕೊಡುವ ಬಿಲ್ಡ್ ಟೂಲ್ ಎಂಬ ತಂತ್ರಾಂಶದ ಯಾವ ಆವೃತ್ತಿಯನ್ನು ಬಳಸಿದೆವೆಂದು ಬರೆದಿಡದಿರುವುದು. ಅದು ಎಷ್ಟು ಸಣ್ಣದೆಂದರೆ, ಚೆನ್ನಾಗಿ ಮಾಡಿದ ಪ್ರಾಜೆಕ್ಟೊಂದು ಮೂರು ನಾಲ್ಕು ವರ್ಷಗಳಲ್ಲಿ ಯಾರ ಗಣಕದಲ್ಲೂ ಏಳದ ಸ್ಥಿತಿಗೆ ಬಂದಾಗ ಅದನ್ನು ಕಾರಣವೆಂದು ಎಣಿಸುವವರೇ ಇಲ್ಲ.

ನಾನು ಕಲಬುರಗಿಯವನು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸ ಮಾಡಿ, ಈಗ ಸೇಡಂ ರಸ್ತೆಯ ನಮ್ಮ ಮನೆಯಿಂದಲೇ ಅದೇ ಕೆಲಸವನ್ನು ಮುಂದುವರಿಸಿದ್ದೇನೆ. ಜಿಲ್ಲೆಯ ಒಂದು ಕಾಲೇಜಿನವರು ಪರಿಚಯದ ಮೇಲೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿಕೊಡಲು ನನ್ನನ್ನು ಕರೆಯುತ್ತಾರೆ. ಕಳೆದ ಬೇಸಿಗೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ತಮ್ಮ ಸೀನಿಯರ್‌ಗಳು 2021ರಲ್ಲಿ ಮಾಡಿಟ್ಟಿದ್ದ ಆಂಡ್ರಾಯ್ಡ್ ಆ್ಯಪ್ ಒಂದನ್ನು ಮುಂದುವರಿಸಲು ಎತ್ತಿಕೊಂಡಿದ್ದರು. ರೈತರು ಮಾರುಕಟ್ಟೆಗೆ ತಂದ ತೊಗರಿಯ ತೂಕ, ತೇವಾಂಶ, ಅಂದಿನ ದರ, ಹಮಾಲಿ ಖರ್ಚು ಇವುಗಳನ್ನು ನೆಟ್ ಇಲ್ಲದಾಗಲೂ ಮೊಬೈಲಿನಲ್ಲೇ ಬರೆದಿಡುವ ಆ್ಯಪ್ ಅದು. ಕೋಡ್ ಅಚ್ಚುಕಟ್ಟಾಗಿತ್ತು. ಜೊತೆಗೆ ಸಿ.ಡಿ. ಇತ್ತು, ರಟ್ಟಿನ ಬೈಂಡ್ ಹಾಕಿಸಿದ ವರದಿಯೂ ಇತ್ತು. ಏನೇನು ತಂತ್ರಾಂಶ ಬೇಕೆಂದು ತಿಳಿಸುವ ಪುಟವೊಂದು ಅಂಥ ಪ್ರತಿ ವರದಿಯಲ್ಲೂ ಇರುತ್ತದೆ; ಈ ವರದಿಯ ಪುಟದಲ್ಲಿ ವಿಂಡೋಸ್ 10 ಬೇಕು, ರ‍್ಯಾಮ್ ಇಷ್ಟಿರಬೇಕು, ಹಾರ್ಡ್‌ಡಿಸ್ಕ್ ಅಷ್ಟಿರಬೇಕು ಎಂದು ಬರೆದಿತ್ತು. ಕೋಡ್ ಬರೆದ ಭಾಷೆ ಜಾವಾ ಎಂದಿತ್ತು, ಎಷ್ಟನೆಯ ಜಾವಾ ಎಂದಿರಲಿಲ್ಲ. ಬಿಲ್ಡ್ ಟೂಲಿನ ಹೆಸರಂತೂ ಎಲ್ಲಿಯೂ ಇರಲಿಲ್ಲ. ಹನ್ನೆರಡು ದಿನ ಆ ನಾಲ್ವರು ಒಂದು ಸಾಲು ಹೊಸ ಕೋಡ್ ಬರೆಯದೆ, ಹಳೆಯ ಆ್ಯಪ್ ಒಮ್ಮೆ ತೆರೆದುಕೊಂಡರೆ ಸಾಕೆಂದು ಲ್ಯಾಬಿನಲ್ಲಿ ಕುಳಿತಿದ್ದರು.

ಈ ವೃತ್ತಿಯವರಲ್ಲದ ಓದುಗರಿಗಾಗಿ ಒಂದು ಮಾತು. ತೊಗರಿಯನ್ನು ಬೇಳೆ ಮಾಡಲು ಸ್ವಚ್ಛಗೊಳಿಸಿ, ನೆನೆಸಿ, ಒಣಗಿಸಿ, ಸಿಪ್ಪೆ ತೆಗೆದು, ಒಡೆದು, ಜರಡಿ ಹಿಡಿಯುವ ಕೆಲಸಗಳನ್ನು ನಮ್ಮೂರಿನ ದಾಲ್ ಮಿಲ್ಲುಗಳು ಒಂದಾದ ಮೇಲೊಂದರಂತೆ ಮಾಡುತ್ತವೆಯಲ್ಲ, ಬರೆದ ಕೋಡಿಗೆ ಹಾಗೆಯೇ ಬಿಲ್ಡ್ ಟೂಲ್. ಬೇಕಾದ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ನೆಟ್‌ನಿಂದ ತರುವುದು, ಎಲ್ಲವನ್ನೂ ಗಣಕಕ್ಕೆ ಅರ್ಥವಾಗುವ ರೂಪಕ್ಕೆ ತರುವ ಜಾವಾದ ಕಂಪೈಲರಿಗೆ ಒಪ್ಪಿಸುವುದು, ಹೊರಬಂದದ್ದನ್ನು ಕಟ್ಟಿ ಮೊಬೈಲಿಗೆ ಹಾಕಬಹುದಾದ ಒಂದೇ ಫೈಲ್ ಮಾಡಿಕೊಡುವುದು ಅದರ ಕೆಲಸ. ಆಂಡ್ರಾಯ್ಡ್ ಆ್ಯಪ್‌ಗಳಿಗೆ ಬಳಕೆಯಲ್ಲಿರುವ ಬಿಲ್ಡ್ ಟೂಲ್ ಗ್ರೇಡಲ್. ಅದರ ಮೇಲೆ ಗೂಗಲ್ ಕೊಡುವ ಆಂಡ್ರಾಯ್ಡ್ ಪ್ಲಗಿನ್ ಎಂಬ ಪೂರಕ ತಂತ್ರಾಂಶ ಕೂರುತ್ತದೆ, ಅದರ ಕೆಳಗೆ ಜಾವಾ ಇರುತ್ತದೆ. ಈ ಮೂರಕ್ಕೂ ಬೇರೆ ಬೇರೆ ಆವೃತ್ತಿ ಸಂಖ್ಯೆಗಳಿವೆ. ಯಾವುದರ ಜೊತೆ ಯಾವುದು ಹೊಂದುತ್ತದೆ ಎಂಬುದಕ್ಕೆ ಪ್ರಕಟವಾದ ಪಟ್ಟಿಗಳಿವೆ. ಒಂದು ಜರುಗಿದರೆ ಉಳಿದೆರಡೂ ಜರುಗಬೇಕಾಗಬಹುದು.

ಆ ನಾಲ್ವರಿಗೆ ಎದುರಾದದ್ದು ಇದೇ. ಲ್ಯಾಬಿನ ಗಣಕಗಳಲ್ಲಿ ಸಿಬ್ಬಂದಿ ಒಳ್ಳೆಯ ಉದ್ದೇಶದಿಂದಲೇ ಗ್ರೇಡಲ್ 8 ಮತ್ತು ಜಾವಾ 17 ಹಾಕಿಸಿದ್ದರು. ಆ್ಯಪ್ ಇದ್ದದ್ದು ಆಂಡ್ರಾಯ್ಡ್ ಪ್ಲಗಿನ್ 4.1ರ ಮೇಲೆ. ಆ ಪ್ಲಗಿನ್ ಕೇಳುವ ಒಳಭಾಗಗಳು ಗ್ರೇಡಲ್ 8ರಲ್ಲಿ ಉಳಿದಿಲ್ಲವಾದ್ದರಿಂದ ಬಿಲ್ಡ್ ಮೊದಲ ನಿಮಿಷದಲ್ಲೇ ನಿಂತಿತು. ವಿದ್ಯಾರ್ಥಿಗಳು ಹುಡುಕಾಡಿ, ಆ ಪ್ಲಗಿನ್‌ಗೆ ಗ್ರೇಡಲ್ 6.5 ಬೇಕೆಂದು ತಿಳಿದು ಅದನ್ನು ಇಳಿಸಿಕೊಂಡರು. ಆಗ ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 61’ ಎಂಬ ದೋಷ ಬಂತು. ನಮ್ಮಲ್ಲಿ ಜಾವಾ 17 ಇದೆ, 61 ಎಲ್ಲಿಂದ ಬಂತು ಎಂದು ಅವರಲ್ಲೊಬ್ಬ ಎರಡು ದಿನ ತಲೆ ಕೆಡಿಸಿಕೊಂಡಿದ್ದ. ಜಾವಾ ತಾನು ಹೊರಹಾಕುವ ಕ್ಲಾಸ್ ಫೈಲುಗಳ ಮೇಲೆ ಬೇರೆಯದೇ ಒಂದು ಸಂಖ್ಯೆ ಬರೆಯುತ್ತದೆ. ಅದರಲ್ಲಿ 44 ಕಳೆದರೆ ನಮಗೆ ಗೊತ್ತಿರುವ ಜಾವಾ ಆವೃತ್ತಿ ಸಿಗುತ್ತದೆ. 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17. ಗ್ರೇಡಲ್ 6.5 ಹೊರಬಂದದ್ದು 2020ರಲ್ಲಿ, ಜಾವಾ 17 ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ತನ್ನ ನಂತರ ಹುಟ್ಟಿದ್ದನ್ನು ಅದು ಗುರುತಿಸದೆ ಹೋದದ್ದರಲ್ಲಿ ತಪ್ಪೇನೂ ಇಲ್ಲ. ಜಾವಾ 17ರ ಮೇಲೆ ಓಡುವ ಶಕ್ತಿ ಗ್ರೇಡಲ್‌ಗೆ ಬಂದದ್ದು 7.3ರಿಂದ.

ಜಾವಾ 11 ತಂದು ಹಾಕಿದ ಮೇಲೆ ಆ ಬಾಗಿಲು ತೆರೆಯಿತು, ಅದರ ಹಿಂದೆ ಮತ್ತೊಂದು ಬಾಗಿಲಿತ್ತು. 2021ರವರೆಗೆ ಬಹುತೇಕ ಆಂಡ್ರಾಯ್ಡ್ ಪ್ರಾಜೆಕ್ಟುಗಳು ಲೈಬ್ರರಿಗಳನ್ನು ಜೆಸೆಂಟರ್ ಎಂಬ ಸಾರ್ವಜನಿಕ ಭಂಡಾರದಿಂದ ತರುತ್ತಿದ್ದವು. ಅದನ್ನು ನಡೆಸುತ್ತಿದ್ದ ಜೆಫ್ರಾಗ್ ಸಂಸ್ಥೆ 2021ರ ಫೆಬ್ರವರಿಯಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಕೆಲವು ಕಾಲ ಓದಲು ಮಾತ್ರ ತೆರೆದಿಟ್ಟು, 2024ರ ಆಗಸ್ಟ್‌ನಲ್ಲಿ ಬರುವ ಕೋರಿಕೆಗಳನ್ನೆಲ್ಲ ಮಾವೆನ್ ಸೆಂಟ್ರಲ್ ಎಂಬ ಇನ್ನೊಂದು ಸಾರ್ವಜನಿಕ ಭಂಡಾರದ ಕಡೆಗೆ ತಿರುಗಿಸಿತು. ಅಲ್ಲಿಯೂ ಇದ್ದ ಲೈಬ್ರರಿಗಳು ಬಂದವು. ಜೆಸೆಂಟರಿನಲ್ಲಿ ಮಾತ್ರ ಇದ್ದ ಒಂದು ಸಣ್ಣ ಗ್ರಾಫ್ ಲೈಬ್ರರಿ ಬರಲೇ ಇಲ್ಲ. ಅದರ ಬದಲು ಬೇರೆಯದನ್ನು ಹುಡುಕಿ ಕೂಡಿಸಬೇಕಾಯಿತು.

ಆ ಸೀನಿಯರ್‌ಗಳಲ್ಲಿ ಒಬ್ಬನನ್ನು ಫೋನಿನಲ್ಲಿ ಹಿಡಿದಾಗ ಅವನು ಹೇಳಿದ್ದು ಇಷ್ಟೇ: ‘ಸರ್, ನಮ್ಮ ಲ್ಯಾಪ್‌ಟಾಪಿನ್ಯಾಗ ನಡೀತಿತ್ರಿ.’ ಅವನು ಸುಳ್ಳು ಹೇಳಲಿಲ್ಲ. ಆ ಲ್ಯಾಪ್‌ಟಾಪಿನಲ್ಲಿ ಯಾವ ಗ್ರೇಡಲ್, ಯಾವ ಜಾವಾ ಇತ್ತೆಂಬುದು ಈಗ ಅವನಿಗೂ ನೆನಪಿಲ್ಲ; ಲ್ಯಾಪ್‌ಟಾಪ್ ಅಂತೂ ಮಾರಾಟವಾಗಿ ಹೋಗಿದೆ.

ಇದಕ್ಕೆ ಗ್ರೇಡಲ್ ಮಾಡಿದವರನ್ನೇ ದೂರುವವರು ಇದ್ದಾರೆ. ಹಳೆಯದನ್ನು ಯಾಕೆ ಮುರಿಯಬೇಕು ಎಂದು ಕೇಳುತ್ತಾರೆ. ನನಗೆ ಆ ದೂರು ಪೂರ್ತಿ ಒಪ್ಪಿಗೆಯಿಲ್ಲ. ಬಿಲ್ಡ್ ಟೂಲುಗಳ ಹಿರಿಯ ‘ಮೇಕ್’ ಅನ್ನು ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದರು. ಅದರ ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕು. ಸ್ಪೇಸ್ ಹಾಕಿದರೆ, ಕಣ್ಣಿಗೆ ಎರಡೂ ಒಂದೇ ಕಂಡರೂ, ಕೆಲಸ ನಡೆಯದು. ಇದು ತೊಡಕೆಂದು ಅವರಿಗೆ ಬೇಗನೆ ತಿಳಿದರೂ, ಆ ವೇಳೆಗಾಗಲೇ ಇದ್ದ ಹತ್ತು ಹನ್ನೆರಡು ಬಳಕೆದಾರರಿಗೆ ತೊಂದರೆ ಕೊಡುವುದು ಬೇಡವೆಂದು ಹಾಗೆಯೇ ಬಿಟ್ಟರು. ಆ ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಇಂದಿಗೂ ಪ್ರಪಂಚದ ವಿದ್ಯಾರ್ಥಿಗಳು ಟ್ಯಾಬ್ ಒತ್ತುತ್ತಿದ್ದಾರೆ. ಬದಲಾಯಿಸದೆ ಇರುವುದಕ್ಕೂ ಬೆಲೆಯಿದೆ.

ಗ್ರೇಡಲ್ ಬದಲಾಯಿಸುವ ದಾರಿ ಹಿಡಿದಿದೆ, ಆದರೆ ಮುನ್ಸೂಚನೆ ಕೊಟ್ಟೇ ಬದಲಾಯಿಸುತ್ತದೆ. ಲೈಬ್ರರಿಯನ್ನು ಸೇರಿಸಲು ಮೊದಲು ‘ಕಂಪೈಲ್’ ಎಂದು ಬರೆಯುತ್ತಿದ್ದರು. 2017ರಲ್ಲಿ ಅದರ ಜಾಗಕ್ಕೆ ‘ಇಂಪ್ಲಿಮೆಂಟೇಷನ್’ ಮತ್ತು ‘ಎಪಿಐ’ ಎಂಬ ಹೆಸರುಗಳು ಬಂದವು. ಹಳೆಯ ಹೆಸರನ್ನು ತೆಗೆದುಹಾಕಿದ್ದು 2021ರ ಏಪ್ರಿಲ್‌ನಲ್ಲಿ ಬಂದ 7.0ರಲ್ಲಿ. ನಮ್ಮ ಊರಿಗೆ 2014ರ ನವೆಂಬರ್ 1ರಂದು ಕಲಬುರಗಿ ಎಂಬ ಹೆಸರು ಅಧಿಕೃತವಾದ ಮೇಲೂ ಗುಲಬರ್ಗಾ ಎಂದು ಬರೆದ ಪತ್ರಗಳು ಮನೆಗೆ ಬರುತ್ತಲೇ ಇವೆ, ವಿಶ್ವವಿದ್ಯಾಲಯ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ, ಅಂಚೆಯವರು ಎರಡನ್ನೂ ಬಲ್ಲರು. ಗ್ರೇಡಲ್ ನಾಲ್ಕು ವರ್ಷ ಎರಡೂ ಹೆಸರಿನ ಪತ್ರಗಳನ್ನು ಮುಟ್ಟಿಸಿ, ಆಮೇಲೆ ಹಳೆಯ ವಿಳಾಸದವನ್ನು ಹಿಂದಿರುಗಿಸತೊಡಗಿತು. ಹಾಗೆ ತೆಗೆಯುವ ಮುನ್ನ ಅಂಥ ಬಿಲ್ಡುಗಳ ಕೊನೆಗೆ ‘ಇಲ್ಲಿ ಬಳಸಿದ ಕೆಲವು ಸೌಲಭ್ಯಗಳು ಕೈಬಿಡಲ್ಪಡುವಂಥವು, ಮುಂದಿನ ದೊಡ್ಡ ಆವೃತ್ತಿಗೆ ಈ ಬಿಲ್ಡ್ ಹೊಂದುವುದಿಲ್ಲ’ ಎಂಬರ್ಥದ ಎಚ್ಚರಿಕೆ ಬರುತ್ತಿತ್ತು. ಅದರ ಕೆಳಗೆಯೇ ಬಿಲ್ಡ್ ಸಕ್ಸೆಸ್‌ಫುಲ್ ಎಂದು ಹಸಿರು ಅಕ್ಷರಗಳಲ್ಲಿ ಮೂಡಿದರೆ ಮೇಲಿನ ಸಾಲನ್ನು ಓದುವವರು ಯಾರು? ನಾನೂ ಎಷ್ಟೋ ವರ್ಷ ಓದಿದವನಲ್ಲ.

ಹಾಗಾದರೆ ದೋಷ ಇರುವುದು ಎಲ್ಲಿ? ಲ್ಯಾಬಿನ ಎಲ್ಲ ಗಣಕಗಳಿಗೂ ಒಂದೇ ಗ್ರೇಡಲ್, ಒಂದೇ ಜಾವಾ ಹಾಕಿ, ಎಲ್ಲ ಪ್ರಾಜೆಕ್ಟುಗಳೂ ಅದರಲ್ಲೇ ನಡೆಯಬೇಕೆಂದು ನಿರೀಕ್ಷಿಸುವ ಪದ್ಧತಿಯಲ್ಲಿ ಎಂದು ನನ್ನ ಅಭಿಪ್ರಾಯ. ಆ ನಿರೀಕ್ಷೆ ಕಷ್ಟಸಾಧ್ಯ ಮಾತ್ರವಲ್ಲ, ಈಗ ಅಸಾಧ್ಯವೇ ಆಗಿದೆ. ಗ್ರೇಡಲ್ 6.5 ಜಾವಾ 17ರ ಮೇಲೆ ಓಡುವುದಿಲ್ಲ. 2025ರ ಜುಲೈ ಕೊನೆಗೆ ಬಂದ ಗ್ರೇಡಲ್ 9.0 ಜಾವಾ 17ಕ್ಕಿಂತ ಹಳೆಯದರ ಮೇಲೆ ಓಡುವುದಿಲ್ಲ. ಇವೆರಡನ್ನೂ ಹೊರುವ ಒಂದು ಜಾವಾ ಜಗತ್ತಿನಲ್ಲೇ ಇಲ್ಲದಿರುವಾಗ ನಮ್ಮ ಲ್ಯಾಬಿನಲ್ಲಿ ಎಲ್ಲಿಂದ ಬರಬೇಕು? ‘ಎಲ್ಲವನ್ನೂ ಹೊಸದಕ್ಕೆ ಏರಿಸಿಬಿಡಿ’ ಎಂಬ ಸಲಹೆ ಇಂದಿನ ಪ್ರಾಜೆಕ್ಟುಗಳಿಗೆ ಸರಿ, ನಿನ್ನೆಯವುಗಳಿಗೆ ಅಲ್ಲ. ‘ಹಳೆಯದನ್ನೇ ಇಟ್ಟುಕೊಳ್ಳಿ’ ಎಂಬುದೂ ಆಗದು: ಪ್ಲೇ ಸ್ಟೋರಿಗೆ ಸೇರಿಸುವ ಹೊಸ ಆ್ಯಪ್‌ಗಳು ಮತ್ತು ಪರಿಷ್ಕರಣೆಗಳು 2025ರ ಆಗಸ್ಟ್ 31ರಿಂದ ಕನಿಷ್ಠ ಎಪಿಐ ಮಟ್ಟ 35ನ್ನು (ಅಂದರೆ ಆಂಡ್ರಾಯ್ಡ್ 15ನ್ನು) ಗುರಿಯಾಗಿಟ್ಟುಕೊಳ್ಳಬೇಕೆಂಬ ನಿಯಮವಿದ್ದು, ಅದಕ್ಕೆ ಹೊಸ ಪ್ಲಗಿನ್ ಬೇಕು, ಹೊಸ ಪ್ಲಗಿನ್‌ಗೆ ಹೊಸ ಗ್ರೇಡಲ್ ಬೇಕು.

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಗ್ರೇಡಲ್‌ನಲ್ಲೇ ರ‍್ಯಾಪರ್ ಎಂಬ ಏರ್ಪಾಡಿದೆ. ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಎರಡು ಸಣ್ಣ ಸ್ಕ್ರಿಪ್ಟುಗಳು, ನೂರು ಕೆಬಿಯನ್ನೂ ಮುಟ್ಟದ ಒಂದು ಜಾರ್ ಫೈಲ್ (ಜಾವಾ ಕೋಡಿನ ಕಟ್ಟು), ಮತ್ತು ಯಾವ ಆವೃತ್ತಿಯ ಗ್ರೇಡಲ್ ಬೇಕು, ಅದನ್ನು ಯಾವ ವಿಳಾಸದಿಂದ ತರಬೇಕು ಎಂದು ಬರೆದಿರುವ ಒಂದು ಪ್ರಾಪರ್ಟೀಸ್ ಫೈಲ್. ‘ಗ್ರೇಡಲ್’ ಎಂದು ಆಜ್ಞೆ ಕೊಡುವ ಬದಲು ಆ ಸ್ಕ್ರಿಪ್ಟನ್ನು ಓಡಿಸಿದರೆ, ಗಣಕದಲ್ಲಿ ಬೇರೆ ಯಾವ ಗ್ರೇಡಲ್ ಇದ್ದರೂ, ಅಥವಾ ಇಲ್ಲವೇ ಇಲ್ಲದಿದ್ದರೂ, ಅದು ತನಗೆ ಬೇಕಾದ ಆವೃತ್ತಿಯನ್ನೇ ತಂದು, ಒಮ್ಮೆ ತಂದದ್ದನ್ನು ಇಟ್ಟುಕೊಂಡು, ಅದರಿಂದಲೇ ಕೆಲಸ ಮಾಡುತ್ತದೆ. ಮಾವೆನ್ ಎಂಬ ಇನ್ನೊಂದು ಬಿಲ್ಡ್ ಟೂಲಿಗೂ ಇಂಥದೇ ರ‍್ಯಾಪರ್ ಇದೆ. ನೋಡ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ತಂತ್ರಾಂಶ) ಬಳಸುವವರು ಆವೃತ್ತಿ ಸಂಖ್ಯೆಯನ್ನು ಒಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತಾರೆ.

ಆಂಡ್ರಾಯ್ಡ್ ಸ್ಟುಡಿಯೋ ಹೊಸ ಪ್ರಾಜೆಕ್ಟ್ ತೆರೆದೊಡನೆ ಈ ಫೈಲುಗಳನ್ನು ತಾನೇ ಇಟ್ಟುಕೊಡುತ್ತದೆ. ಹಾಗಿದ್ದೂ ಆ ಸಿ.ಡಿ.ಯಲ್ಲಿ ಅವು ಯಾಕೆ ಇರಲಿಲ್ಲ? ವಿಚಾರಿಸಿದಾಗ ತಿಳಿದದ್ದನ್ನು ಓದುಗರು, ವಿಶೇಷವಾಗಿ ಅಧ್ಯಾಪಕರು, ಗಮನಿಸಬೇಕೆಂದು ಕೋರುತ್ತೇನೆ. ಪ್ರಾಜೆಕ್ಟನ್ನು ಜಿಪ್ ಮಾಡಿ ಜಿಮೇಲಿನಲ್ಲಿ ಮಾರ್ಗದರ್ಶಕರಿಗೆ ಕಳುಹಿಸಬೇಕಿತ್ತು. ಜಾರ್ ಫೈಲುಗಳನ್ನೂ ವಿಂಡೋಸಿನ ಸ್ಕ್ರಿಪ್ಟುಗಳಾದ ಬ್ಯಾಟ್ ಫೈಲುಗಳನ್ನೂ, ಅವು ಜಿಪ್ಪಿನ ಒಳಗಿದ್ದರೂ, ಜಿಮೇಲ್ ಭದ್ರತೆಯ ಕಾರಣಕ್ಕೆ ತಡೆಯುತ್ತದೆ. ರ‍್ಯಾಪರಿನಲ್ಲಿ ಇವೆರಡೂ ಇವೆ. ಮೇಲ್ ಹೋಗುತ್ತಿಲ್ಲವೆಂದು ಆ ಸೀನಿಯರ್‌ಗಳು ಅವನ್ನು ಅಳಿಸಿದರು, ಮೇಲ್ ಹೋಯಿತು, ಆ ಜಿಪ್ಪೇ ಸಿ.ಡಿ.ಗೂ ಬಂತು. ಗಿಟ್ (ಕೋಡನ್ನೂ ಅದರ ಬದಲಾವಣೆಗಳನ್ನೂ ದಾಖಲಿಸಿಡುವ ತಂತ್ರಾಂಶ) ಬಳಸುವವರೂ ಇದೇ ಹಳ್ಳಕ್ಕೆ ಬೇರೆ ದಾರಿಯಿಂದ ಬೀಳುತ್ತಾರೆ: ಎಲ್ಲಿಂದಲೋ ನಕಲು ಮಾಡಿದ ಗಿಟ್‌ಇಗ್ನೋರ್ ಫೈಲಿನಲ್ಲಿ ಜಾರ್ ಫೈಲುಗಳನ್ನೆಲ್ಲ ಬಿಟ್ಟುಬಿಡು ಎಂಬ ಸಾಲಿರುತ್ತದೆ, ರ‍್ಯಾಪರಿನ ಜಾರ್ ಕೂಡ ಅದರ ಜೊತೆ ಹೋಗುತ್ತದೆ. ಅದೊಂದಕ್ಕೆ ವಿನಾಯಿತಿ ಕೊಡುವ ಸಾಲು ಸೇರಿಸಿದರೆ ಮುಗಿಯಿತು.

ಗೊತ್ತಿಲ್ಲದ ಜಾರ್ ಫೈಲನ್ನು ವಿದ್ಯಾರ್ಥಿಯ ಫೋಲ್ಡರಿನಿಂದ ತೆಗೆದು ಓಡಿಸುವುದು ಅಪಾಯವಲ್ಲವೇ ಎಂದು ಲ್ಯಾಬ್ ಸಿಬ್ಬಂದಿಯೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಖ್ಯೆಗಳನ್ನು, ಅಂದರೆ ಆ ಜಾರ್ ಫೈಲಿನ ಅಸಲಿ ಚೆಕ್‌ಸಮ್‌ಗಳನ್ನು ಗ್ರೇಡಲ್ ಪ್ರಕಟಿಸುತ್ತದೆ; ಹೋಲಿಸಿ ನೋಡಬಹುದು. ಇಳಿಸಿಕೊಳ್ಳುವ ಗ್ರೇಡಲ್‌ನ ಚೆಕ್‌ಸಮ್ಮನ್ನೂ ಪ್ರಾಪರ್ಟೀಸ್ ಫೈಲಿನಲ್ಲೇ ಬರೆದರೆ, ಬಂದದ್ದು ಬೇರೆಯಾಗಿದ್ದಲ್ಲಿ ರ‍್ಯಾಪರ್ ತಾನೇ ನಿಲ್ಲುತ್ತದೆ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುವ ಗ್ರೇಡಲ್ ಜಿಪ್ಪಿಗಿಂತ ಇದು ಹೆಚ್ಚು ಭದ್ರ.

ಆದರೆ ರ‍್ಯಾಪರ್ ಇದ್ದಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ಅದು ಗ್ರೇಡಲನ್ನು ಮಾತ್ರ ತರುತ್ತದೆ. ಗ್ರೇಡಲ್ ಓಡಲು ಬೇಕಾದ ಜಾವಾ ಗಣಕದಲ್ಲಿ ಮೊದಲೇ ಇರಬೇಕು. ಆ ನಾಲ್ವರ ಬಳಿ ರ‍್ಯಾಪರ್ ಇದ್ದಿದ್ದರೂ 61ರ ದೋಷ ತಪ್ಪುತ್ತಿರಲಿಲ್ಲ, ಒಂದು ವಾರದ ಬದಲು ಅರ್ಧ ದಿನದಲ್ಲಿ ಅಲ್ಲಿಗೆ ತಲುಪುತ್ತಿದ್ದರು ಅಷ್ಟೆ. ಆದ್ದರಿಂದ ಜಾವಾದ ಆವೃತ್ತಿಯನ್ನು ರೀಡ್‌ಮೀ ಫೈಲಿನಲ್ಲಿ ಮೊದಲ ಸಾಲಾಗಿ ಬರೆಯಬೇಕು. ಲ್ಯಾಬ್ ಗಣಕಗಳಲ್ಲಿ ಜಾವಾ 8, 11, 17, 21 ಇವು ಬೇರೆ ಬೇರೆ ಫೋಲ್ಡರುಗಳಲ್ಲಿ ಒಟ್ಟಿಗೆ ಇರಬೇಕು. ಒಂದು ಬಂದರೆ ಇನ್ನೊಂದನ್ನು ಅಳಿಸಬೇಕೆಂಬ ತಪ್ಪು ಕಲ್ಪನೆ ನಮ್ಮಲ್ಲಿ ಬೇರೂರಿದೆ. ಜಾವಾ ಹೋಮ್ ಎಂಬ ಗಣಕದ ಸೆಟ್ಟಿಂಗ್ ಯಾವ ಫೋಲ್ಡರನ್ನು ತೋರಿಸುತ್ತದೋ ಆ ಜಾವಾದ ಮೇಲೆ ರ‍್ಯಾಪರ್ ಓಡುತ್ತದೆ, ಉಳಿದವು ತಮ್ಮಷ್ಟಕ್ಕೆ ಇರುತ್ತವೆ.

ನಮ್ಮ ಕಡೆಯ ಲ್ಯಾಬುಗಳ ವಾಸ್ತವವನ್ನೂ ಹೇಳದಿದ್ದರೆ ಈ ಪತ್ರ ಪುಸ್ತಕದ ಬದನೆಕಾಯಿ ಆಗುತ್ತದೆ. ಒಂದು ಗ್ರೇಡಲ್ ಆವೃತ್ತಿ ಸುಮಾರು ನೂರು ಎಂಬಿ. ಅರವತ್ತು ಗಣಕಗಳು ಒಂದೇ ತಾಸಿನಲ್ಲಿ ಅದನ್ನು ಇಳಿಸಹೊರಟರೆ ಸುಮಾರು ಆರು ಜಿಬಿ. ಕಾಲೇಜಿನ ನೆಟ್ ಅಲ್ಲಿಗೇ ಕುಸಿಯುತ್ತದೆ, ಅಷ್ಟರಲ್ಲಿ ಕರೆಂಟೂ ಹೋಗಬಹುದು. ನಾನು ನೋಡಿದ ಲ್ಯಾಬಿನಲ್ಲಿ ಇನ್ನೂ ಒಂದು ತೊಡಕಿತ್ತು. ವೈರಸ್ ಕಾಟಕ್ಕೆ ಬೇಸತ್ತು, ಗಣಕ ಮತ್ತೆ ಚಾಲೂ ಆದಾಗಲೆಲ್ಲ ಸಿ ಡ್ರೈವನ್ನು ಹಿಂದಿನ ಸ್ಥಿತಿಗೆ ತರುವ ತಂತ್ರಾಂಶ ಹಾಕಿದ್ದರು. ರ‍್ಯಾಪರ್ ತಂದಿಟ್ಟುಕೊಳ್ಳುವುದು ಬಳಕೆದಾರನ ಫೋಲ್ಡರಿನಲ್ಲಿ, ಅಂದರೆ ಸಿ ಡ್ರೈವಿನಲ್ಲಿ. ಹೀಗಾಗಿ ನಿನ್ನೆ ಇಳಿಸಿದ್ದು ಇಂದು ಇರುತ್ತಿರಲಿಲ್ಲ, ಮಕ್ಕಳು ದಿನಾ ಬೆಳಿಗ್ಗೆ ಅದೇ ನೂರು ಎಂಬಿಗಾಗಿ ಕಾಯುತ್ತಿದ್ದರು. ಗ್ರೇಡಲ್ ಯೂಸರ್ ಹೋಮ್ ಎಂಬ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಜಾವಾ ಹೋಮ್‌ನಂಥದೇ ಸೆಟ್ಟಿಂಗ್) ಡಿ ಡ್ರೈವನ್ನು ತೋರಿಸುವಂತೆ ಮಾಡಿದ ಮೇಲೆ ಆ ಕಾಟ ನಿಂತಿತು. ನೆಟ್‌ನ ಕಾಟಕ್ಕೂ ಮದ್ದಿದೆ: ಬೇಕಾದ ನಾಲ್ಕೈದು ಆವೃತ್ತಿಗಳ ಜಿಪ್ ಫೈಲುಗಳನ್ನು ಕಾಲೇಜಿನ ಸರ್ವರಿನಲ್ಲಿ ಒಮ್ಮೆ ಇಟ್ಟು, ಪ್ರಾಪರ್ಟೀಸ್ ಫೈಲಿನ ವಿಳಾಸವನ್ನು ಆ ಸರ್ವರಿಗೆ ತಿರುಗಿಸಿದರೆ ಗ್ರೇಡಲ್ ಇಳಿಸಲು ಹೊರಗಿನ ನೆಟ್ ಬೇಕಾಗುವುದೇ ಇಲ್ಲ. ಒಪ್ಪಿಸುವಾಗ ಮಾತ್ರ ಮೂಲ ವಿಳಾಸವನ್ನು ಮರಳಿ ಹಾಕಲು ಮರೆಯಬಾರದು.

ಹಳೆಯ ಪ್ರಾಜೆಕ್ಟನ್ನು ಮುಂದುವರಿಸುವವರಿಗೆ ನನ್ನ ಅನುಭವದ ಒಂದೇ ಮಾತು: ಅದನ್ನು ಮೊದಲು ಅದರ ಕಾಲದ ಆವೃತ್ತಿಗಳಲ್ಲೇ ನಡೆಸಿ, ಆಮೇಲೆ ಏರಿಸಿ. 6.5ರಿಂದ ನೇರ 8ಕ್ಕೆ ಜಿಗಿಯದೆ, ಮೊದಲು 6ರ ಕೊನೆಯ ಆವೃತ್ತಿಗೆ ಹೋಗಿ, ಎಚ್ಚರಿಕೆಗಳನ್ನೆಲ್ಲ ತೋರಿಸುವ ಆಯ್ಕೆ ಕೊಟ್ಟು, ಅವುಗಳನ್ನು ಒಂದೊಂದಾಗಿ ಸರಿಪಡಿಸಿ, ನಂತರ 7ಕ್ಕೆ, ಅಲ್ಲಿಂದ 8ಕ್ಕೆ ಹೋಗಬೇಕು. ಪ್ರತಿ ಹೆಜ್ಜೆಗೂ ಪ್ಲಗಿನ್ ಮತ್ತು ಜಾವಾ ಹೊಂದುತ್ತವೆಯೇ ಎಂದು ಪಟ್ಟಿ ನೋಡಬೇಕು. ಪ್ಲಗಿನ್ 7.0ಕ್ಕೆ ಜಾವಾ 11 ಬೇಕು, 8.0ಕ್ಕೆ ಜಾವಾ 17 ಬೇಕು. ಏರಿಸುವ ರ‍್ಯಾಪರ್ ಆಜ್ಞೆಯನ್ನು ಎರಡು ಬಾರಿ ಓಡಿಸಬೇಕು: ಮೊದಲ ಬಾರಿ ಆವೃತ್ತಿಯ ಸಂಖ್ಯೆ ಬದಲಾಗುತ್ತದೆ, ಎರಡನೆಯ ಬಾರಿ ಆ ಹೊಸ ಆವೃತ್ತಿಯೇ ಜಾರ್ ಮತ್ತು ಸ್ಕ್ರಿಪ್ಟುಗಳನ್ನು ಹೊಸದಾಗಿ ಬರೆಯುತ್ತದೆ. ಆ ನಾಲ್ವರು ಹೀಗೆ ಮಾಡಿ ನಾಲ್ಕು ದಿನದಲ್ಲಿ 8ಕ್ಕೆ ತಲುಪಿದರು. ಹನ್ನೆರಡು ದಿನ ಹಾಳಾಗಿದ್ದರಿಂದ, ಅವರು ಅಂದುಕೊಂಡಿದ್ದ ಧ್ವನಿಯಲ್ಲಿ ದರ ಹೇಳುವ ಭಾಗ ಮಾತ್ರ ಆಗಲಿಲ್ಲ.

ನಮ್ಮ ಭಾಗದ ಕಾಲೇಜುಗಳ ಪ್ರಾಚಾರ್ಯರಿಗೂ ವಿಭಾಗ ಮುಖ್ಯಸ್ಥರಿಗೂ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರಾಜೆಕ್ಟ್ ವರದಿಯ ಆ ಪುಟದಲ್ಲಿ ರ‍್ಯಾಮ್ ಮತ್ತು ಹಾರ್ಡ್‌ಡಿಸ್ಕಿನ ಜೊತೆಗೆ ಬಿಲ್ಡ್ ಟೂಲ್, ಪ್ಲಗಿನ್, ಜಾವಾ ಈ ಮೂರರ ಪೂರ್ಣ ಆವೃತ್ತಿ ಸಂಖ್ಯೆ ಕಡ್ಡಾಯವಾಗಲಿ. ಸಿ.ಡಿ. ಬದಲು ಗಿಟ್ ಭಂಡಾರದಲ್ಲಿ ಒಪ್ಪಿಸುವ ಪದ್ಧತಿ ಬರಲಿ. ಅದು ಆಗದಿದ್ದರೆ, ಕೊನೆಯ ಪಕ್ಷ ಮೇಲ್‌ಗೆಂದು ಹಿಂಡಿದ ಜಿಪ್ಪನ್ನು ಸಿ.ಡಿ.ಗೆ ಹಾಕುವುದು ನಿಲ್ಲಲಿ. ಮೌಖಿಕ ಪರೀಕ್ಷೆಯ ಹಿಂದಿನ ದಿನ, ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಅಲ್ಲ, ಬೇರೆ ತಂಡದವರ ಗಣಕದಲ್ಲಿ ರ‍್ಯಾಪರ್ ಒಂದರಿಂದಲೇ ಪ್ರಾಜೆಕ್ಟನ್ನು ಬಿಲ್ಡ್ ಮಾಡಿಸಿ, ಅದಕ್ಕೆ ಐದು ಅಂಕ ಇಡಲಿ. ಕಲಬುರಗಿ, ಬೀದರ್, ಯಾದಗಿರಿಯ ಯಾವುದೇ ಕಾಲೇಜಿನ ಲ್ಯಾಬಿನಲ್ಲಿ ಈ ಏರ್ಪಾಡು ಮಾಡಿಕೊಳ್ಳಬೇಕೆಂದಿದ್ದರೆ ಒಂದು ಶನಿವಾರ ಬಂದು ಕುಳಿತು ಮಾಡಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಂತ್ರಾಂಶ ಎಂಜಿನಿಯರ್,
ಸೇಡಂ ರಸ್ತೆ, ಕಲಬುರಗಿ